ಕೊಯ್ಯುವುದು ಬೇರೆ, ಕಡಿಯುವುದು ಬೇರೆ

ಇಂಗ್ಲಿಷಿನಲ್ಲಿ ಒಂದು ಕೆಲಸಕ್ಕೆ ಇಪ್ಪತ್ತು ಮಾತು, ಕನ್ನಡದಲ್ಲಿ ಇಪ್ಪತ್ತು ಕೆಲಸಕ್ಕೆ ಒಂದು ಮಾತು ಎಂಬ ದೂರು ಈಗ ದೂರಾಗಿ ಉಳಿದಿಲ್ಲ. ಎಲ್ಲರೂ ಒಪ್ಪಿಕೊಂಡ ಸತ್ಯದ ಗತ್ತಿನಲ್ಲಿ ಓಡಾಡುತ್ತಿದೆ. ಸ್ಪೋಕನ್ ಇಂಗ್ಲಿಷ್ ತರಗತಿಯ ಬೋರ್ಡಿನ ಮೇಲೆ ‘ಕಟ್’ ಎಂದು ಬರೆದು ಅದರ ಕೆಳಗೆ ಚಾಪ್, ಸ್ಲೈಸ್, ಟ್ರಿಮ್, ಪ್ರೂನ್, ರೀಪ್, ಕಾರ್ವ್, ಸ್ನಿಪ್, ಹ್ಯೂ ಎಂದು ಇಳಿಸಿಕೊಂಡು ಹೋಗುತ್ತಾರೆ. ಪಕ್ಕದ ಕನ್ನಡದ ಸಾಲಿನಲ್ಲಿ ‘ಕತ್ತರಿಸು’ ಎಂದು ಒಂದು ಸಲ ಬರೆದು, ಕೆಳಗೆಲ್ಲ ‘ಅದೇ’ ಎನ್ನುವ ಗೆರೆ. ಭಾಷಾಂತರದ ಕಮ್ಮಟಕ್ಕೆ ಹೋದರೂ ಇದೇ ಅಳಲು: ಮೂಲದ ಛಾಯೆಗಳು ಕನ್ನಡದಲ್ಲಿ ಹಿಡಿಯುವುದಿಲ್ಲ, ಏನು ಮಾಡುವುದು, ನಮ್ಮಲ್ಲಿ ಕ್ರಿಯಾಪದಗಳ ಬಡತನ. ಕೇಳಿ ಕೇಳಿ ಮಕ್ಕಳು ನಂಬಿದ್ದಾರೆ. ಹೇಳಿ ಹೇಳಿ ಮೇಷ್ಟ್ರೂ ನಂಬಿದ್ದಾರೆ.

ಇದು ಸುಳ್ಳು. ಸುಳ್ಳೆಂದು ತೋರಿಸಲು ಪಂಪನವರೆಗೂ ಹೋಗಬೇಕಿಲ್ಲ, ಧಾರವಾಡದವರೆಗೂ ಹೋಗಬೇಕಿಲ್ಲ. ‘ಅಲ್ಲೇನು ಕನ್ನಡ, ಅರ್ಧ ತೆಲುಗು’ ಎಂದು ಬೆಂಗಳೂರಿನವರು ಮೂಗು ಮುರಿಯುವ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಸಾಕು. ಭಾಷೆಯ ಪರೀಕ್ಷೆಯಲ್ಲಿ ಕೊನೆಯ ಬೆಂಚಿಗೆ ಕೂರಿಸಿದ ಈ ನಾಲ್ಕು ತಾಲ್ಲೂಕುಗಳಲ್ಲೇ ಉತ್ತರ ಇದೆ.

ಶಿಡ್ಲಘಟ್ಟದಿಂದ ಹೊರಡೋಣ. ರಾಮನಗರದ ಜೊತೆಗೆ ಹೆಸರು ಹೇಳುವ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆ ಅಲ್ಲಿದೆ. ಸುತ್ತ ಎಲ್ಲಿ ನೋಡಿದರೂ ಹಿಪ್ಪುನೇರಳೆ. ಚಾಕಿ ಹುಳುವಿಗೆ, ಅಂದರೆ ಎಳೆಯ ರೇಷ್ಮೆಹುಳುವಿಗೆ, ಬಾಯಿ ಸಣ್ಣದು, ಆದ್ದರಿಂದ ಎಳೆಯ ಎಲೆಯನ್ನು ಒಂದೊಂದಾಗಿ ಬಿಡಿಸಿ ತಂದು ಸಣ್ಣಗೆ ಹೆಚ್ಚಿ ಹಾಕುತ್ತಾರೆ. ಪೊರೆ ಬಿಡುವ ‘ಜ್ವರ’ಗಳು ಕಳೆದು ಹುಳು ದೊಡ್ಡದಾದ ಮೇಲೆ ಯಾರೂ ಎಲೆ ಬಿಡಿಸುತ್ತ ಕೂರುವುದಿಲ್ಲ, ಹೆಚ್ಚುವುದೂ ಇಲ್ಲ. ಕಡ್ಡಿಯನ್ನೇ ಕೊಯ್ದು ತಂದು ಹಾಸುತ್ತಾರೆ. ಗಿಡ ಎತ್ತರಕ್ಕೆ ಎದ್ದು ಕೊಂಬೆ ಒರಟಾದರೆ ಬುಡಕ್ಕೆ ಸವರುತ್ತಾರೆ. ತೋಟ ಹಳೆಯದಾಗಿ ಸೊಪ್ಪು ಕೈಕೊಟ್ಟರೆ ಗಿಡ ಕಡಿದು ಬೇರು ಕೀಳುತ್ತಾರೆ. ಹುಳು ಹಣ್ಣಾಗಿ ಚಂದ್ರಿಕೆ ಎಂಬ ತಟ್ಟೆಯಲ್ಲಿ ಗೂಡು ಕಟ್ಟಿದ ಐದಾರು ದಿನಕ್ಕೆ ಗೂಡು ಬಿಡಿಸುತ್ತಾರೆ. ಅವಸರಪಟ್ಟು ಮೊದಲೇ ಬಿಡಿಸಿದರೆ ಒಳಗಿನ ಕೋಶದ ಚರ್ಮ ಇನ್ನೂ ಮೆತ್ತಗಿರುತ್ತದೆ, ಒಡೆದು ಗೂಡಿಗೆ ಕಲೆ ಹತ್ತುತ್ತದೆ, ಬೆಲೆ ಬೀಳುತ್ತದೆ.

ಬಿಡಿಸು, ಹೆಚ್ಚು, ಕೊಯ್ಯು, ಸವರು, ಕಡಿ. ಒಂದು ಬೆಳೆ, ಒಂದು ಮನೆ, ಐದು ಕ್ರಿಯೆ. ಇವು ಸಮಾನಾರ್ಥಕಗಳೇ? ಮರ ಸವರಲು ಹೇಳಿ ಕಳಿಸಿದ ಆಳು ಮರ ಕಡಿದು ಬಂದರೆ ಆ ಮನೆಯಲ್ಲಿ ಆ ದಿನ ಏನಾಗುತ್ತದೆ ಎಂದು ಯೋಚಿಸಿ. ಸವರುವವನ ಮನಸ್ಸಿನಲ್ಲಿ ಮುಂದಿನ ಚಿಗುರಿದೆ. ಕಡಿಯುವವನ ಮನಸ್ಸಿನಲ್ಲಿ ಸೌದೆ ಇದೆ, ಇಲ್ಲವೇ ಖಾಲಿ ಜಾಗ ಇದೆ. ಕೊಯ್ಯುವವನಿಗೆ ಕೈಗೆ ಬರುವ ಫಲ ಮುಖ್ಯ. ಬಿಡಿಸುವವನಿಗೆ ಹಿಡಿದುಕೊಂಡಿದ್ದನ್ನು ನೋಯಿಸದೆ ಬೇರೆ ಮಾಡುವುದು ಮುಖ್ಯ. ಕೈಯಲ್ಲಿರುವ ಹತಾರ ಯಾವುದು, ಮುಂದಿರುವ ವಸ್ತು ಯಾವುದು, ಕೆಲಸ ಮುಗಿದ ಮೇಲೆ ಆ ವಸ್ತುವಿನ ಗತಿ ಏನು ಎನ್ನುವ ಮೂರು ಸಂಗತಿ ಈ ಕ್ರಿಯಾಪದಗಳೊಳಗೆ ಕೂತಿವೆ. ‘ಕತ್ತರಿಸು’ ಎನ್ನುವುದಕ್ಕೆ ಕತ್ತರಿ ಬೇಕು, ಅಥವಾ ಕತ್ತರಿಯಂಥ ಬಾಯಿ ಬೇಕು. ಅದನ್ನು ಎಲ್ಲಕ್ಕೂ ತಾಯಿಪದ ಮಾಡಿದವರು ಪಟ್ಟಣದವರು. ಅವರ ಮನೆಯಲ್ಲಿ ಉಳಿದಿರುವುದು ಕತ್ತರಿ ಒಂದೇ.

ಗೂಡು ಮಾರುಕಟ್ಟೆ ದಾಟಿ ರೀಲಿಂಗ್ ಘಟಕಕ್ಕೆ ಬಂದರೆ ಇನ್ನೊಂದು ಸೊಗಸು. ಹತ್ತಿಯನ್ನು ನೂಲುತ್ತಾರೆ, ರೇಷ್ಮೆಯನ್ನು ಬಿಚ್ಚುತ್ತಾರೆ. ಹತ್ತಿಯಲ್ಲಿ ಎಳೆ ಇಲ್ಲ, ಮನುಷ್ಯ ಮಾಡಬೇಕು. ಗೂಡಿನಲ್ಲಿ ಹುಳು ಆಗಲೇ ಮಾಡಿಟ್ಟಿದೆ, ಒಳ್ಳೆಯ ದ್ವಿತಳಿ ಗೂಡಾದರೆ ಸುಮಾರು 1,000 ಮೀಟರ್ ಒಂದೇ ಎಳೆ, ಅದನ್ನು ಹರಿಯದಂತೆ ಬಿಚ್ಚಿಕೊಳ್ಳುವುದಷ್ಟೇ ನಮ್ಮ ಕೆಲಸ. ಇಂಗ್ಲಿಷಿನ ರೀಲಿಂಗ್ ರಾಟೆಯ ಕಡೆಯಿಂದ ನೋಡಿ ಸುತ್ತುವುದನ್ನು ಹೇಳಿದರೆ, ‘ಬಿಚ್ಚಾಣಿಕೆ’ ಗೂಡಿನ ಕಡೆಯಿಂದ ನೋಡುತ್ತದೆ. ಯಾವುದು ಹೆಚ್ಚು ಎನ್ನುವ ಪಂದ್ಯ ನನಗೆ ಬೇಡ. ಇಂಥ ಮಾತು ಇರುವ ಭಾಷೆಯನ್ನು ಬಡ ಭಾಷೆ ಎನ್ನುವವರ ಎದೆಗಾರಿಕೆ ಮಾತ್ರ ಬೆರಗು ಹುಟ್ಟಿಸುತ್ತದೆ.

ಗೌರಿಬಿದನೂರಿನ ಕಡೆ ಮುಸುಕಿನ ಜೋಳ. ತೆನೆಯನ್ನು ಕೊಯ್ಯುವುದಿಲ್ಲ, ಮುರಿಯುತ್ತಾರೆ: ಕುಡುಗೋಲು ಬೇಡ, ಕೈ ಸಾಕು. ದಂಟು ಮಾತ್ರ ಆಮೇಲೆ ಕುಡುಗೋಲಿಗೆ. ರಾಗಿಯ ಪೈರನ್ನು ಕೊಯ್ಯುತ್ತಾರೆ. ಕೊಯ್ದದ್ದನ್ನು ಹೊಲದಲ್ಲೇ ಹಿಡಿಹಿಡಿಯಾಗಿ ಸಾಲಿಗೆ ಮಲಗಿಸಿದರೆ ಅದು ‘ಅರಿ’. ಹಳಗನ್ನಡದಲ್ಲಿ ‘ಅರಿ’ ಎಂದರೆ ಕತ್ತರಿಸು ಎಂದೇ ಅರ್ಥ; ತಿಳಿ ಎನ್ನುವ ‘ಅಱಿ’ ಬೇರೆ, ಅದರ ಱಕಾರ ಬೇರೆ. ಱಕಾರ ಹೋಯಿತು, ಕ್ರಿಯಾಪದವಾಗಿ ‘ಅರಿ’ಯೂ ಪುಸ್ತಕ ಸೇರಿತು. ರಾಗಿ ಹೊಲದಲ್ಲಿ ಮಾತ್ರ ನಾಮಪದವಾಗಿ ಮಲಗಿಕೊಂಡಿದೆ. ಪದವಿ ತರಗತಿಯಲ್ಲಿ ಹಳಗನ್ನಡ ಎಂದರೆ ಬೆವರುವ ಹುಡುಗನ ಅಜ್ಜಿ ವರ್ಷಕ್ಕೊಂದು ಸಲ ಹಳಗನ್ನಡವನ್ನು ಬಗ್ಗಿ ಎತ್ತಿ ಕಂತೆ ಕಟ್ಟುತ್ತಾಳೆ.

ಚಿಂತಾಮಣಿಯಲ್ಲಿ ಟೊಮೆಟೊ ಕೀಳುತ್ತಾರೆ, ಹುಣಸೆ ಉದುರಿಸುತ್ತಾರೆ, ಕಡಲೆಕಾಯಿ ಗಿಡವನ್ನು ಕಿತ್ತು ಕಾಯಿ ಬಿಡಿಸುತ್ತಾರೆ, ಬೀಜಕ್ಕಾದರೆ ಸುಲಿಯುತ್ತಾರೆ. ಅಡುಗೆಮನೆಯ ಈಳಿಗೆ ಮಣೆಯ ಮುಂದೆ ಬದನೆಕಾಯಿ ಹೆಚ್ಚುತ್ತಾರೆ, ಈರುಳ್ಳಿ ಕೊಚ್ಚುತ್ತಾರೆ, ಹಲಸಿನಹಣ್ಣು ಕೊಯ್ದು ತೊಳೆ ಬಿಡಿಸುತ್ತಾರೆ, ಕರಿಬೇವನ್ನು ಚಿವುಟಿ ತರುತ್ತಾರೆ. ಜಾತ್ರೆಯಲ್ಲಿ ಕುರಿ ಕಡಿಯುತ್ತಾರೆ, ಹಲಾಲ್ ಅಂಗಡಿಯಲ್ಲಿ ಕೊಯ್ಯುತ್ತಾರೆ. ಒಂದು ಕ್ರಿಯಾಪದ ಬದಲಾದರೆ ಕತ್ತಿಯ ಹೊಡೆತವೂ ಬದಲು, ದೇವರೂ ಬದಲು. ಚಿಕ್ಕಬಳ್ಳಾಪುರದ ಬಂಡೆಗಳಲ್ಲಿ ಕಲ್ಲು ಸೀಳಿ ಚಪ್ಪಡಿ ಎಬ್ಬಿಸುತ್ತಾರೆ, ಒಡೆದು ಜಲ್ಲಿ ಮಾಡುತ್ತಾರೆ, ಕೆತ್ತಿ ಕಂಬ ಮಾಡುತ್ತಾರೆ.

ಇದನ್ನೆಲ್ಲ ‘ಕಟ್ ಮಾಡು’ ಎಂದು ಹೇಳಿದರೆ ನಷ್ಟ ಏನು, ಕೇಳಿದವರಿಗೆ ಅರ್ಥವಾದರೆ ಸಾಲದೇ ಎನ್ನುವವರಿದ್ದಾರೆ. ಅವರಿಗೆ ಕೂಲಿಯ ಲೆಕ್ಕ ತೋರಿಸಬೇಕು. ಮಾಲೀಕ ವಾರದ ಬಟವಾಡೆಯಲ್ಲಿ ಇನ್ನೂರು ರೂಪಾಯಿ ಕಡಿಮೆ ಕೊಟ್ಟ. ‘ಹಿಡಿದುಕೊಂಡರು’ ಎಂದರೆ ಹಣ ಅವರ ಹತ್ತಿರ ನಿಂತಿದೆ, ಕೇಳಿದರೆ ಬರಬೇಕು. ‘ಮುಂಗಡಕ್ಕೆ ಮುರಿದುಕೊಂಡರು’ ಎಂದರೆ ಸಾಲದಲ್ಲಿ ಇನ್ನೂರು ಇಳಿಯಿತು. ‘ವಜಾ ಹಾಕಿದರು’ ಎಂದರೆ ರಜೆಗೋ ತಪ್ಪಿಗೋ ಹೋಯಿತು, ಇನ್ನು ಬರುವುದಿಲ್ಲ. ಮೂರು ಕ್ರಿಯಾಪದಕ್ಕೆ ಮೂರು ನ್ಯಾಯ. ‘ಸಂಬಳ ಕಟ್ ಮಾಡಿದರು’ ಎನ್ನುವಾಗ ಮೂರೂ ಕಲಸಿಹೋಗುತ್ತವೆ. ಹಾಗೆ ಕಲಸಿಹೋದರೆ ಲಾಭ ಯಾರಿಗೆ ಎಂಬುದನ್ನು ನಾನು ಹೇಳಬೇಕಿಲ್ಲ. ಮುಂಗಡ ತಂದು ದುಡಿಯುವವರಿಗೆ ಕ್ರಿಯಾಪದದ ಸೂಕ್ಷ್ಮ ಎನ್ನುವುದು ಸಾಹಿತ್ಯದ ಶೋಕಿ ಅಲ್ಲ.

ಇಷ್ಟು ಕಣ್ಣೆದುರಿಗೆ ಇರುವಾಗ ಓದಿದವರಿಗೆ ಏಕೆ ಕಾಣಲಿಲ್ಲ? ಇಂಗ್ಲಿಷಿನ ಮೋಹ ಎಂದುಬಿಡುವುದು ಸುಲಭ, ಪೂರ್ತಿ ನಿಜವಲ್ಲ. ರೋಗ ಹಳೆಯದು, ನಮ್ಮ ಪಾಂಡಿತ್ಯದ ಮನೆಯಲ್ಲೇ ಹುಟ್ಟಿದ್ದು. ಒಂದೇ ಅರ್ಥದ ಹಲವು ಪದ ಎಂದೊಡನೆ ನಮಗೆ ಹೊಳೆಯುವುದು ಅಮರಕೋಶ. ಅದರ ನಿಜವಾದ ಹೆಸರು ನಾಮಲಿಂಗಾನುಶಾಸನ. ಹೆಸರೇ ಹೇಳುವಂತೆ ಅಲ್ಲಿ ಆಳ್ವಿಕೆ ನಾಮಪದಗಳದು. ಸೂರ್ಯನಿಗೆ ಎಷ್ಟು ಹೆಸರು, ಕಮಲಕ್ಕೆ ಎಷ್ಟು, ಆನೆಗೆ ಎಷ್ಟು. ಇಂದಿಗೂ ಶಾಲೆಯ ಪ್ರಶ್ನೆಪತ್ರಿಕೆಯಲ್ಲಿ ‘ಸಮಾನಾರ್ಥಕ ಪದ ಬರೆಯಿರಿ’ ಎಂದಾಗ ಬರುವುದು ರವಿ, ಭಾನು, ದಿನಕರ. ಸೊಪ್ಪು ಬಿಡಿಸುವುದಕ್ಕೂ ಸವರುವುದಕ್ಕೂ ಏನು ವ್ಯತ್ಯಾಸ ಎಂದು ಯಾವ ಪ್ರಶ್ನೆಪತ್ರಿಕೆ ಕೇಳೀತು?

ಕ್ರಿಯೆಗಳಿಗೆ ಬೇರೆ ಗ್ರಂಥ ಇತ್ತು, ಧಾತುಪಾಠ. ಅಲ್ಲಿಯ ಕತೆ ಇನ್ನೂ ಸ್ವಾರಸ್ಯ. ಸಂಸ್ಕೃತದ ಧಾತುಪಾಠದಲ್ಲಿ ಲೂ, ಕೃತ್, ವ್ರಶ್ಚ್ ಎಂಬ ಮೂರು ಧಾತುಗಳಿಗೂ ಕೊಟ್ಟ ಅರ್ಥ ಒಂದೇ: ಛೇದನೆ. ಆದರೆ ‘ಲೂ’ವಿನಿಂದ ಹುಟ್ಟಿದ ಲವಿತ್ರ ಎಂದರೆ ಕುಡುಗೋಲು. ವ್ರಶ್ಚ್‌ನಿಂದ ವೃಕ್ಷ ಹುಟ್ಟಿತು, ಕಡಿಯುವುದಕ್ಕಿರುವುದೇ ವೃಕ್ಷ ಎಂದು ಯಾಸ್ಕನ ನಿರುಕ್ತ ಬಿಡಿಸಿ ಹೇಳುತ್ತದೆ. ಅಂದರೆ ಕೊಯ್ಯುವುದೂ ಕಡಿಯುವುದೂ ಬೇರೆ ಎಂದು ಭಾಷೆಗೆ ಗೊತ್ತಿತ್ತು. ಅರ್ಥ ಬರೆದವರು ಒಂದೇ ಪದದಲ್ಲಿ ಮುಗಿಸಿದರು. ಧಾತುಪಾಠದ ಉದ್ದೇಶ ವ್ಯಾಕರಣ, ಅರ್ಥವಿಸ್ತಾರ ಅಲ್ಲ, ಆದ್ದರಿಂದ ಅವರನ್ನು ಬೈಯಲಾರೆ. ಆದರೆ ಅದೇ ಅಭ್ಯಾಸ ನಮ್ಮ ಮಗ್ಗಿ ಆಯಿತು. ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣದಲ್ಲಿ ಕನ್ನಡದ ಧಾತುಗಳನ್ನು ಜೋಡಿಸಿಟ್ಟ. ಅವನು ಕೂಡಿಸಿಟ್ಟದ್ದನ್ನು ಬೆಳೆಸಬೇಕಾದವರು ಕಂಠಪಾಠ ಮಾಡಿದರು.

ನಿಘಂಟುಗಳಲ್ಲಿ ಈ ಕ್ರಿಯಾಪದಗಳು ಇಲ್ಲವೆಂದು ನಾನು ಹೇಳುತ್ತಿಲ್ಲ. ಕಿಟ್ಟೆಲ್ 1894ರಲ್ಲೇ ಬಹುಪಾಲನ್ನು ಹಿಡಿದಿಟ್ಟ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಲ್ಲಿ ಹುಡುಕಿದರೆ ಇನ್ನೂ ಹೆಚ್ಚು ಸಿಗುತ್ತವೆ. ತೊಂದರೆ ಎಲ್ಲಿ ಎಂದರೆ, ಅಕ್ಷರ ಕ್ರಮದಲ್ಲಿ ‘ಕಡಿ’ ಒಂದು ಸಂಪುಟ, ‘ಬಿಡಿಸು’ ಇನ್ನೊಂದು, ‘ಸವರು’ ಮತ್ತೊಂದು. ಪದ ಮೊದಲೇ ಗೊತ್ತಿದ್ದವನಿಗೆ ಮಾತ್ರ ಪದ ಸಿಗುತ್ತದೆ. ಇಂಗ್ಲಿಷರಿಗೆ 1852ರಲ್ಲೇ ರೋಜೆಟ್ ಎಂಬ ವೈದ್ಯ ಅರ್ಥದ ಬಳಗ ಹಿಡಿದು ಪದಗಳನ್ನು ಕೂರಿಸಿಕೊಟ್ಟ. ಅವರ ‘ಶ್ರೀಮಂತಿಕೆ’ಯ ದೊಡ್ಡ ಪಾಲು ಇದು: ಅವರು ತಮ್ಮ ಹಣವನ್ನು ಎಣಿಸಿ ಜೋಡಿಸಿಟ್ಟಿದ್ದಾರೆ, ನಾವು ಎಣಿಸಿಲ್ಲ.

ಎಣಿಸುವುದನ್ನು ಕಲಿಯಲು ಲಂಡನ್ನಿಗೆ ಹೋಗಬೇಕಾಗಿಯೂ ಇರಲಿಲ್ಲ. ಗೌರಿಬಿದನೂರಿನಿಂದ ಹಿಂದೂಪುರ ಎಷ್ಟು ದೂರ? ಆ ಕಡೆಯ ತೆಲುಗರು ಭದ್ರಿರಾಜು ಕೃಷ್ಣಮೂರ್ತಿಯವರ ಮುಂದಾಳುತನದಲ್ಲಿ ಮಾಂಡಲಿಕ ವೃತ್ತಿಪದಕೋಶ ಶುರುಮಾಡಿ, ಬೇಸಾಯದ ಸಂಪುಟವನ್ನು 1962ರಲ್ಲಿ, ಕೈಮಗ್ಗದ ಸಂಪುಟವನ್ನು 1971ರಲ್ಲಿ ಹೊರತಂದರು. ರೈತರ ಬಳಿ, ನೇಕಾರರ ಬಳಿ ಹೋಗಿ ಕೇಳಿ ಬರೆದುಕೊಂಡ ಪದಗಳು. ನಮ್ಮ ಗಡಿ ತಾಲ್ಲೂಕುಗಳ ಮಾತಿನಲ್ಲಿ ತೆಲುಗು ಬೆರೆತಿದೆ ಎಂದು ಕೊರಗುವವರು ಗಡಿಯಾಚೆಯಿಂದ ಈ ಒಂದು ಒಳ್ಳೆಯ ಬುದ್ಧಿ ಬೆರೆಸಿಕೊಳ್ಳಬಹುದಿತ್ತು.

ಬೆರಕೆಯ ಮಾತು ಬಂದದ್ದರಿಂದ ಅದನ್ನೂ ಮುಗಿಸಿಬಿಡುತ್ತೇನೆ. ಚಿಂತಾಮಣಿಯ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಹೊರಗೆ ಕನ್ನಡ. ಕೈವಾರದ ತಾತಯ್ಯ ಎರಡರಲ್ಲೂ ಹಾಡಿದ ನೆಲ ಅದು. ಅಲ್ಲಿಯ ಹೆಂಗಸು ತೆಲುಗಿನಲ್ಲಿ ಪೈರಿಗೆ ‘ಕೋಯು’ ಎನ್ನುತ್ತಾಳೆ, ಮರಕ್ಕೆ ‘ನರುಕು’, ತರಕಾರಿಗೆ ‘ತರುಗು’. ಕನ್ನಡಕ್ಕೆ ಹೊರಳಿದೊಡನೆ ಕೊಯ್ಯು, ಕಡಿ, ಹೆಚ್ಚು. ಕೊಯ್ಯು ಮತ್ತು ಕೋಯು ಅಕ್ಕತಂಗಿಯರು, ಆದರೂ ಅವಳು ಅವರನ್ನು ಅದಲುಬದಲು ಮಾಡುವುದಿಲ್ಲ. ಎರಡು ಭಾಷೆಯ ಎರಡು ಕಟ್ಟು ಕ್ರಿಯಾಪದಗಳನ್ನು ತಲೆಯಲ್ಲಿ ಬೇರೆ ಬೇರೆ ಇಟ್ಟುಕೊಂಡವಳ ಮಾತನ್ನು ಅಶುದ್ಧ ಎನ್ನುತ್ತೇವೆ. ಜಯನಗರದಲ್ಲಿ ಕೂತು ‘ವೆಜಿಟಬಲ್ಸ್ ಕಟ್ ಮಾಡಿ, ಗಾರ್ಡನ್ ಕಟ್ ಮಾಡಿಸಿ, ಹೇರ್ ಕಟ್ ಮಾಡಿಸಿಕೊಂಡು ಬಂದೆ’ ಎನ್ನುವವರದು ಶಿಷ್ಟ ಕನ್ನಡ. ನಾಚಿಕೆ ಯಾರಿಗೆ ಆಗಬೇಕು?

ಈಗ ಎದುರು ಪಕ್ಷದ ಗಟ್ಟಿ ವಾದಕ್ಕೆ ಬರೋಣ, ಅದೊಂದಿದೆ. ‘ಮಾಡು’ ಹಚ್ಚಿ ಕ್ರಿಯಾಪದ ಕಟ್ಟುವುದು ಕನ್ನಡಕ್ಕೆ ಹೊಸದಲ್ಲ: ಸ್ನಾನ ಮಾಡು, ಪೂಜೆ ಮಾಡು, ಜಪ್ತಿ ಮಾಡು, ರಾಜಿ ಮಾಡು. ಸಂಸ್ಕೃತವನ್ನೂ ಪಾರಸಿಯನ್ನೂ ಹೀಗೆ ನುಂಗಿ ಅರಗಿಸಿಕೊಂಡ ಭಾಷೆ ‘ಕಟ್ ಮಾಡು’ಗೆ ಹೆದರಬೇಕೇ? ಹೆದರಬೇಕಿಲ್ಲ. ಜಪ್ತಿ ಬಂದಾಗ ಅದರ ಜೊತೆ ಹೊಸ ಅಮಲ್ದಾರನೂ ಹೊಸ ಸಂಕಟವೂ ಬಂದವು. ಅದಕ್ಕೆ ಹೊಸ ಮಾತು ಬೇಕಿತ್ತು. ಕೇಕಿನ ವಿಷಯದಲ್ಲೂ ಹಾಗೇ. ಹುಟ್ಟುಹಬ್ಬಕ್ಕೆ ಕೇಕ್ ಕಟ್ ಮಾಡಲಿ, ನನ್ನ ತಕರಾರಿಲ್ಲ. ಕೇಕ್ ಹೆಚ್ಚಿದೆವು ಎಂದರೆ ಅದು ಹುಳಿಗೆ ಬೀಳುತ್ತದೆ, ಕೊಯ್ದೆವು ಎಂದರೆ ಆಪರೇಷನ್ ಆಗುತ್ತದೆ. ಚಿಕ್ಕಬಳ್ಳಾಪುರದ ಹೂವಿನ ವ್ಯಾಪಾರದಲ್ಲಿ ‘ಕಟ್ ಫ್ಲವರ್’ ಎಂದರೆ ದಂಟಿನ ಸಮೇತ ಕತ್ತರಿಸಿ ಹೂಗುಚ್ಛಕ್ಕೆ ಹೋಗುವ ಗುಲಾಬಿ, ಹಾರಕ್ಕೆ ಹೋಗುವ ಬಿಡಿ ಹೂವು ಬೇರೆ. ಅಲ್ಲಿಯೂ ಆ ಮಾತು ಒಂದು ಹೊಸ ಕಸುಬನ್ನು ಗುರುತಿಸುತ್ತದೆ, ಇರಲಿ. ನನ್ನ ಜಗಳ ಹೊಸದೇನನ್ನೂ ತಾರದೆ ಹಳೆಯ ಹತ್ತನ್ನು ಓಡಿಸುವ ‘ಕಟ್ ಮಾಡು’ ಜೊತೆಗೆ.

ಅಷ್ಟೇ ಜಗಳ ಸರ್ಕಾರಿ ಕನ್ನಡದ ಜೊತೆಗೂ ಇದೆ. ಕೃಷಿಯ ಕರಪತ್ರ ತೆಗೆದು ನೋಡಿ: ರಾಗಿ ಕಟಾವು, ಹೂವಿನ ಕಟಾವು, ಸೊಪ್ಪಿನ ಕಟಾವು, ಟೊಮೆಟೊ ಕಟಾವು. ‘ಕಟಾವು’ ಇಂಗ್ಲಿಷಲ್ಲ, ಆದರೂ ಮಾಡುವ ಹಾನಿ ಅದೇ. ಟೊಮೆಟೊವನ್ನು ಯಾವ ಕುಡುಗೋಲಿನಿಂದ ಕಟಾವು ಮಾಡುತ್ತಾರೆ ಎಂದು ಬರೆದವರನ್ನು ಕೇಳಬೇಕು. ಕರಪತ್ರದ ಭಾಷೆ ರೈತನಿಗೆ ಅರ್ಥವಾಗುವುದಿಲ್ಲ ಎಂಬ ದೂರಿಗೆ ಇಲಾಖೆಗಳು ಯಾವಾಗಲೂ ರೈತನ ಅನಕ್ಷರತೆಯನ್ನು ಮುಂದೆ ಮಾಡುತ್ತವೆ. ಗೂಡು ಬಿಡಿಸುವವನಿಗೆ ಬಿಡಿಸು ಎಂದು ಹೇಳಲು ಯಾವ ಅಕ್ಷರ ಅಡ್ಡ ಬಂತು?

ನಮ್ಮಲ್ಲಿ ಪದವೇ ಇಲ್ಲದ ಕಡೆಯೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟದಲ್ಲಿ, ಬೆಂಗಳೂರು ಬ್ಲೂ ಇರಲಿ ದಿಲ್‌ಖುಷ್ ಇರಲಿ, ಬಳ್ಳಿಗೆ ಮಾಡುವ ಕೆಲಸಕ್ಕೆ ಬೆಳೆಗಾರರು ‘ಕಟಿಂಗ್’ ಎನ್ನುತ್ತಾರೆ. ಇದು ಬರೀ ಸವರುವುದಲ್ಲ: ಕಡ್ಡಿಯಲ್ಲಿ ಎಷ್ಟು ಕಣ್ಣು ಬಿಡಬೇಕು ಎಂಬ ಲೆಕ್ಕ ಇದೆ, ತಪ್ಪಿದರೆ ಹಣ್ಣು ತಪ್ಪುತ್ತದೆ. ಆದರೆ ಅದೇ ರಾಜ್ಯದ ವಿಜಯಪುರದಲ್ಲಿ ಇದಕ್ಕೆ ‘ಚಾಟಣಿ’ ಎಂಬ ಮಾತು ನೆಲೆ ನಿಂತಿದೆ. ಏಪ್ರಿಲ್ ಚಾಟಣಿ ಕಡ್ಡಿಗೆ, ಅಕ್ಟೋಬರ್ ಚಾಟಣಿ ಹಣ್ಣಿಗೆ. ಮರಾಠಿಯಿಂದ ಬಂದದ್ದು, ಬರಲಿ. ಬಂದದ್ದು ಒಂದು ನಿರ್ದಿಷ್ಟ ಕೆಲಸಕ್ಕೆ ಕುರ್ಚಿ ಹಿಡಿದು ಕೂತಿದೆ. ಕನ್ನಡದ ಬೆಳೆಗಾರರಿಬ್ಬರು ಒಬ್ಬರ ಮಾತು ಒಬ್ಬರಿಗೆ ತಲುಪದೆ ದೂರ ಉಳಿದದ್ದು ಭಾಷೆಯ ಬಡತನವೋ, ಪಠ್ಯ ಬರೆಯುವವರ ಸೋಮಾರಿತನವೋ?

ಇಂಗ್ಲಿಷಿನ ಶ್ರೀಮಂತಿಕೆಯನ್ನು ಕೊಂಡಾಡುವವರು ಅದರ ಚರಿತ್ರೆಯನ್ನು ಓದಿದ್ದರೆ ಇಷ್ಟು ಕೈಮುಗಿಯುತ್ತಿರಲಿಲ್ಲ. ‘ಕಟ್’ ಆ ಭಾಷೆಗೆ ತಡವಾಗಿ ಬಂದದ್ದು. ಬರಹದಲ್ಲಿ ಕಾಣಿಸಿಕೊಳ್ಳುವುದು ಹದಿಮೂರನೆಯ ಶತಮಾನದ ಹೊತ್ತಿಗೆ, ಹುಟ್ಟಿದ್ದೆಲ್ಲಿ ಎಂಬುದಕ್ಕೆ ಪಂಡಿತರಲ್ಲಿ ಇನ್ನೂ ಒಮ್ಮತವಿಲ್ಲ. ಅದಕ್ಕೆ ಮೊದಲು ಹಲವು ಬಗೆಯ ಕೊಯ್ತ ಕಡಿತಕ್ಕೆ ಅವರು ಬಳಸುತ್ತಿದ್ದದ್ದು ಇಂದಿನ ‘ಕಾರ್ವ್’ನ ಹಳೆಯ ರೂಪ. ಹೊಸಬ ಬಂದ, ಹಳಬ ಮೇಜಿನ ಮೇಲಿನ ಮಾಂಸಕ್ಕೂ ಮರದ ಕೆತ್ತನೆಗೂ ಸರಿದ. ಸ್ಲೈಸ್, ಪ್ರೂನ್, ಮಿನ್ಸ್ ಫ್ರೆಂಚರಿಂದ ಬಂದವು. ಅವರು ಸಾಲ ತಂದರು, ಆದರೆ ಮನೆಯ ಹಳಬರಿಗೆ ಒಂದೊಂದು ಮೂಲೆ ಬಿಟ್ಟುಕೊಟ್ಟರು. ನಾವು ‘ಹೆಚ್ಚು’ ಎಂಬ ಕ್ರಿಯಾಪದಕ್ಕೆ ಯಾವ ಮೂಲೆ ಬಿಟ್ಟಿದ್ದೇವೆ? ಬೆಂಗಳೂರಿನ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಹೆಚ್ಚು ಎಂದರೆ ಜಾಸ್ತಿ, ಮುಗಿಯಿತು. ತರಕಾರಿಗೂ ಅದಕ್ಕೂ ಸಂಬಂಧವೇ ಇಲ್ಲ.

ಇಂಗ್ಲಿಷ್ ಕಲಿತರೆ ತಾನೇ ಹೊಟ್ಟೆಗೆ ಹಿಟ್ಟು, ಇವೆಲ್ಲ ಹೊಟ್ಟೆ ತುಂಬಿದವರ ಮಾತು ಎಂಬ ಕೊನೆಯ ಬಾಣ ಒಂದಿದೆ. ಇಂಗ್ಲಿಷ್ ಬೇಡ ಎಂದವನಲ್ಲ ನಾನು. ಚೆನ್ನಾಗಿ ಬರಲಿ ಎಂದೇ ಹೇಳುತ್ತಿದ್ದೇನೆ. ಶಿಡ್ಲಘಟ್ಟದ ಸರ್ಕಾರಿ ಶಾಲೆಯ ಒಂಬತ್ತನೇ ತರಗತಿಯಲ್ಲಿ ಪಾಠದೊಳಗೆ ‘ಪ್ರೂನ್’ ಬಂತು ಎನ್ನಿ. ‘ಕತ್ತರಿಸು ಎಂದು ಬರೆದುಕೊಳ್ಳಿ’ ಎಂದರೆ ಮಗು ಬರೆದುಕೊಳ್ಳುತ್ತದೆ, ಪರೀಕ್ಷೆ ಮುಗಿದ ದಿನ ಮರೆಯುತ್ತದೆ. ನಾಳೆ ‘ಸ್ಲೈಸ್’ ಬಂದಾಗಲೂ ಕತ್ತರಿಸು, ‘ರೀಪ್’ ಬಂದಾಗಲೂ ಕತ್ತರಿಸು. ಇಂಗ್ಲಿಷಿನ ಆ ಹೊಗಳಿದ ಛಾಯೆಗಳು ಒಂದೂ ಅದಕ್ಕೆ ಕಾಣುವುದಿಲ್ಲ. ‘ನಿಮ್ಮಪ್ಪ ಹಿಪ್ಪುನೇರಳೆಯನ್ನು ಬುಡಕ್ಕೆ ಏನು ಮಾಡುತ್ತಾರಪ್ಪ’ ಎಂದು ಕೇಳಿದರೆ ತರಗತಿಯ ಅರ್ಧ ಮಕ್ಕಳು ಒಟ್ಟಿಗೆ ಕೂಗುತ್ತಾರೆ, ಸವರ್ತಾರೆ ಸಾರ್. ಏಕೆ ಸವರ್ತಾರೆ, ಕಡಿಯಲ್ವಾ ಎಂದರೆ ಚಿಗುರಬೇಕಲ್ಲ ಸಾರ್ ಎನ್ನುತ್ತಾರೆ. ಅಲ್ಲಿಗೆ ‘ಪ್ರೂನ್’ ಬಂದಾಯಿತು. ಮುಂದಿನ ಪದ ಬರೆಯಬಹುದು.